ಎಣ್ಣೆಗೆ ಮೊದಲಿನ ಸಮುದ್ರ

ಗೋವೆ
14 ಜೂನ್ 2001

ಅತ್ತೆಯವರಿಗೆ ಶರಣು.

ಬಂದು ಮುಟ್ಟಿ ವಾರವಾಯಿತು. ಹಾಸ್ಟೆಲಿನ ಕೋಣೆಗೆ ಒಂದು ಕಿಟಕಿ ಇದೆ. ಅದರಿಂದ ಸಮುದ್ರ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ. ಶಿವಾನಿ ಹೇಗಿದ್ದಾಳೆಂದು ಕೇಳುವುದಿಲ್ಲ. ಕೇಳಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದಂತಾಗುತ್ತದೆ. ನಾಲ್ಕು ವರ್ಷದ ಮಗುವನ್ನು ತಾನು ಇಟ್ಟುಕೊಂಡು, ಸೊಸೆಗೆ ನೀನು ಹೋಗಿ ಓದು ಎನ್ನುವ ಅತ್ತೆ ತವರೂರು ಉದಗೀರದ ನನ್ನ ಗೆಳತಿಯರಲ್ಲಿ ಒಬ್ಬರಿಗೂ ಇಲ್ಲ. ಇದನ್ನು ಎದುರಿಗೆ ಹೇಳಲು ಆಗಲಿಲ್ಲ. ಮರಾಠಿ ಶಾಲೆಯಲ್ಲಿ ಕಲಿತವಳಿಗೆ ಮದುವೆಯಾದ ಮೇಲೆ ಕನ್ನಡ ಅಕ್ಷರ ತಿದ್ದಿಸಿದವರೂ ನೀವೇ. ಆದ್ದರಿಂದ ನೀವು ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ತಿದ್ದಿ ಕಳಿಸಿರಿ.

ಇಲ್ಲಿ ನನ್ನ ಕೆಲಸ ಇದು. ಸಮುದ್ರದ ತಳದ ಕೆಸರಿನಲ್ಲಿ ಗಸಗಸೆಗಿಂತ ಸಣ್ಣ ಜೀವಗಳಿರುತ್ತವೆ. ಅವು ಸುತ್ತಲ ನೀರಿನಿಂದ ಸುಣ್ಣ ತೆಗೆದುಕೊಂಡು ಮೈಸುತ್ತ ಚಿಪ್ಪು ಕಟ್ಟಿಕೊಳ್ಳುತ್ತವೆ, ಒಂದಕ್ಕೊಂದು ಹೊಂದಿದ ಕೋಣೆಗಳಂತೆ. ಕಟ್ಟುವಾಗ ನೀರಿನಲ್ಲಿ ಯಾವ ಲೋಹವಿದ್ದರೂ ಅದು ಗೊಡೆಗೆ ಸೇರಿಬಿಡುತ್ತದೆ. ಜೀವ ಹೋದರೂ ಚಿಪ್ಪು ಕೆಸರಿನಲ್ಲಿ ಉಳಿಯುತ್ತದೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ನಾವು ಕೊಳವೆಯಿಂದ ಕೆಸರು ತೆಗೆದು, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಪ್ಪು ಎತ್ತಿಕೊಳ್ಳುತ್ತೇವೆ. ಜೋಳದಲ್ಲಿ ಹರಳು ಆರಿಸುವ ಕೆಲಸವೇ. ನನ್ನ ಕೈ ಛಲೋ ಇದೆ ಎಂದು ನಮ್ಮ ಪ್ರಯೋಗಾಲಯದ ಮೇಡಂ ಹೇಳಿದರು. ಅದು ನಿಮ್ಮ ಮೊರದ ಕೆಳಗೆ ಕಲಿತ ಕೈ.

ನಿಮ್ಮ ಸೊಸೆ,
ಉಜ್ವಲಾ


ಉಮರ್ಗಾ
29 ಜೂನ್ 2001

ಉಜ್ವಲಾ,

ಪತ್ರ ಎರಡು ಸಲ ಓದಿದೆ. 'ಸೂಕ್ಷ್ಮ' ಸರಿ ಬರೆದಿದ್ದೀ. 'ಗೋಡೆ'ಯನ್ನು 'ಗೊಡೆ' ಮಾಡಿದ್ದೀ. ಆಳಂದದ ನಮ್ಮ ಮಾಸ್ತರರಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಶಿವಾನಿ ಮೊದಲ ಎರಡು ದಿನ ಅತ್ತಳು. ಈಗ ಓಣಿಯವರಿಗೆಲ್ಲ "ನಮ್ಮವ್ವ ಮೀನಿಗಿ ಸಾಲಿ ಕಲಿಸಲಿಕ್ಕ ಹೋಗ್ಯಾಳ" ಎಂದು ಹೇಳಿಕೊಂಡು ತಿರುಗುತ್ತಾಳೆ. ಎದುರುಮನೆಯ ಲಲಿತಾಬಾಯಿ ನಿನ್ನೆ ಬಂದು, "ಮೀನ ತಿನ್ನೋ ಮಂದ್ಯಾಗ ನಿಮ್ಮ ಸೊಸಿ ಏನ ತಿಂತಾಳ್ರೀ ರಂಭಾಬಾಯಿ?" ಎಂದಳು. "ಅನ್ನಾ ತಿಂತಾಳವಾ. ಮಂದಿ ತಲಿ ತಿನ್ನೋಕ ನೀ ಇಲ್ಲೇ ಇದ್ದೀಯಲ್ಲ" ಎಂದೆ. ಚಹಾ ಕುಡಿದೇ ಹೋದಳು.

ಗುರುಲಿಂಗ ನಿಲಂಗಾದ ಸಾಲಿಯಲ್ಲಿ ಪಾಠ ಮುಗಿಸಿ ಶನಿವಾರ ಮಗಳ ಹತ್ತಿರ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುತ್ತಾನೆ. ನಿನಗೆ ಭಾನುವಾರ ಫೋನ್ ಮಾಡುತ್ತಾನಂತೆ. ನನಗೆ ಆ ಬೂತಿನಲ್ಲಿ ನಿಂತು, ಹಿಂದಿದ್ದವರ ಕಿವಿಗೂ ಹಾಕಿ ಮಾತಾಡಲು ಬರುವುದಿಲ್ಲ. ನಾನು ಬರೆಯುತ್ತೇನೆ.

ಅವನ ಕೈಯಿಂದ ಅಂಚೆಗೆ ಹಾಕಿಸಿದ ಪೊಟ್ಟಣದಲ್ಲಿ ನಾನೇ ಸುಟ್ಟು ಕಟ್ಟಿದ ವಿಭೂತಿಯ ಉಂಡೆ ಇದೆ. ಪೇಟೆಯದು ತರಬೇಡ, ಅದು ಬರೀ ಖಡು, ಹಲಗೆಗೆ ಬರೆಯುವ ಸುಣ್ಣ. ದಿನಾ ಹಚ್ಚಿಕೊಂಡೇ ಕೆಲಸಕ್ಕೆ ಕೂಡು. ಇದೊಂದು ಮಾತು ನನಗಾಗಿ ನಡೆಸು.

ನಿನ್ನ ಅತ್ತೆ


ಗೋವೆ
2 ಸೆಪ್ಟೆಂಬರ್ 2001

ಅತ್ತೆಯವರಿಗೆ ಶರಣು.

ದಿನಾ ಹಚ್ಚಿಕೊಳ್ಳುತ್ತೇನೆ. ಮಡಗಾಂವದ ಹುಡುಗಿಯೊಬ್ಬಳು ನನ್ನ ಜೊತೆ ಚಿಪ್ಪು ಆರಿಸುತ್ತಾಳೆ. "ನಿನ್ನ ಹಣೆಯ ಮೇಲೆ ರೈಲಿನ ಹಳಿ" ಎಂದು ನಗುತ್ತಾಳೆ. ಕೆಟ್ಟ ಮನಸ್ಸಿನವಳಲ್ಲ. ಅವಳ ಡಬ್ಬಿಯ ಗೋಡಂಬಿಯಲ್ಲಿ ಅರ್ಧ ನನ್ನದು.

ಒಂದು ಸುದ್ದಿ. ಮಳೆಯ ಗಾಳಿಗೆ ಸಿಕ್ಕ ಒಂದು ಹಡಗು ಇಲ್ಲಿಂದ ದಕ್ಷಿಣಕ್ಕಿರುವ ಸಣ್ಣ ಕೊಲ್ಲಿಯಲ್ಲಿ ಬಂಡೆಗೆ ಬಡಿದು ಒಡೆಯಿತು. ಅದರ ದಪ್ಪ ಎಣ್ಣೆ ಡಾಂಬರಿನಂತೆ ದಂಡೆಗೆ ಬಂದಿದೆ, ತಳಕ್ಕೂ ಇಳಿದಿದೆ. ಆ ಕೊಲ್ಲಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಲಿನಿಂದಲೇ ತಡಕಿ ತಿಸ್ರಿ ಎಂಬ ಚಿಪ್ಪುಮೀನು ಆರಿಸಿ ಬದುಕುತ್ತಾರೆ. ಈಗ ಯಾರೂ ಇಳಿಯುತ್ತಿಲ್ಲ. ತಳವನ್ನು ಹಡಗಿನವರು ಶುಚಿಮಾಡಿಸಬೇಕೆಂದು ಸರಕಾರ ಕೇಳಿದರೆ, ಅವರ ವಕೀಲರು "ಈ ತಳ ಮೊದಲಿನಿಂದಲೂ ಹೊಲಸಾಗಿಯೇ ಇತ್ತು" ಎನ್ನುತ್ತಿದ್ದಾರೆ.

ಎಣ್ಣೆ ಬಿದ್ದ ಮೇಲಿನ ಸಮುದ್ರವನ್ನು ಯಾರು ಬೇಕಾದರೂ ಅಳೆಯಬಹುದು. ಬೀಳುವ ಮೊದಲು ಹೇಗಿತ್ತು ಎಂದು ಹೇಳುವವರು ಬೇಕು. ಹೋದ ವರ್ಷ ಬೇರೆ ಯಾವುದೋ ಕೆಲಸಕ್ಕೆ ಆ ಕೊಲ್ಲಿಯಿಂದ ತೆಗೆದ ಕೆಸರಿನ ಒಂದು ಕೊಳವೆ ನಮ್ಮ ಶೀತಕೋಣೆಯಲ್ಲಿ ಇತ್ತು. ಇರುವುದು ಅದೊಂದೇ. ಅದರೊಳಗಿನ ಚಿಪ್ಪುಗಳನ್ನು ನಾನೂ ಆ ಹುಡುಗಿಯೂ ಅರ್ಧರ್ಧ ಆರಿಸುತ್ತಿದ್ದೇವೆ. ಹಡಗಿನ ಎಣ್ಣೆಯಲ್ಲಿ ವೆನೇಡಿಯಂ ಎಂಬ ಲೋಹ ಹೆಚ್ಚು. ಆ ಹಳೆಯ ಚಿಪ್ಪುಗಳಲ್ಲಿ ಅದು ಕಡಿಮೆ ಇದ್ದರೆ, ಮೊದಲು ಸಮುದ್ರ ಸ್ವಚ್ಛವಿತ್ತು ಎಂಬ ಮಾತು ನಿಲ್ಲುತ್ತದೆ. ಚೌಕಶಿ, ಅಂದರೆ ಸರಕಾರದ ವಿಚಾರಣೆ, ಮಾರ್ಚಿನಲ್ಲಿ.

ಇಂಥ ಕೆಲಸ ನನ್ನ ಕೈಗೆ ಬಂದದ್ದು ನಿಮ್ಮಿಂದ.

ಉಜ್ವಲಾ


ಉಮರ್ಗಾ
20 ಸೆಪ್ಟೆಂಬರ್ 2001

ಉಜ್ವಲಾ,

ನೀರಿನಲ್ಲಿ ನಿಂತ ಆ ಹೆಂಗಸರ ವಿಷಯ ಮನಸ್ಸಿನಿಂದ ಹೋಗಲಿಲ್ಲ. ಕೆಡುವ ಮೊದಲು ಹೇಗಿತ್ತು ಎಂದು ಯಾರೂ ಬರೆದಿಡುವುದಿಲ್ಲ. ಕೆಟ್ಟ ಮೇಲೆ ಎಲ್ಲರೂ ಪಟ್ಟಿ ಹಿಡಿದು ಬರುತ್ತಾರೆ. ತೊಂಬತ್ತಮೂರರ ಭೂಕಂಪದ ಮೇಲೆ ನಮ್ಮ ಹಳೆಯ ಊರಿಗೂ ಹಾಗೇ ಬಂದಿದ್ದರು.

ಹೊಸ ಉಂಡೆ ಕಳಿಸಿದ್ದೇನೆ. ಮೊದಲಿನದು ಮುಗಿಯುವ ಹೊತ್ತಾಯಿತು. ಶಿವಾನಿ ತಾನೂ ಒಂದು ಸಣ್ಣ ಉಂಡೆ ಕಟ್ಟಿದಳು, ಬೆಕ್ಕಿನ ಹಣೆಗೂ ಹಚ್ಚಿದಳು.

ಈ ತಿಂಗಳ ಕೊನೆಗೆ ಪತ್ರ ಬರೆಯುವುದಿಲ್ಲ. ಆ ದಿನಗಳಲ್ಲಿ ನನಗೆ ಬರೆಯಲು ಆಗುವುದಿಲ್ಲ, ನಿನಗೆ ಗೊತ್ತು.

ನಿನ್ನ ಅತ್ತೆ


ಗೋವೆ
11 ನವೆಂಬರ್ 2001

ಅತ್ತೆಯವರಿಗೆ ಶರಣು.

ಮೊದಲ ಫಲಿತಾಂಶ ಬಂತು, ಒಳ್ಳೆಯದಲ್ಲ. ಎಣ್ಣೆ ಬೀಳುವ ಮೊದಲಿನ ಚಿಪ್ಪುಗಳಲ್ಲೂ ವೆನೇಡಿಯಂ ಬಹಳ ಕಾಣುತ್ತಿದೆ, ಹಡಗಿನವರ ಮಾತೇ ನಿಜ ಎಂಬಷ್ಟು. ಆದರೆ ಎಲ್ಲದರಲ್ಲೂ ಅಲ್ಲ. ಮಡಗಾಂವದ ಹುಡುಗಿ ಆರಿಸಿದವು ಸ್ವಚ್ಛ ಇವೆ. ನಾನು ಆರಿಸಿದವು ಇಲ್ಲ.

ನಿಮ್ಮ ವಿಭೂತಿಯ ಬಗ್ಗೆ ನನ್ನದೊಂದು ಅನುಮಾನ ಇದೆ. ಪೂರ್ಣ ತಿಳಿದ ಮೇಲೆ ಬರೆಯುತ್ತೇನೆ. ಅಲ್ಲಿಯವರೆಗೆ ಹೊಸ ಉಂಡೆ ಕಳಿಸಬೇಡಿ.

ಶಿವಾನಿಗೆ ಸ್ವೆಟರ್ ಸಾಲದಾಗಿದ್ದರೆ ತಿಳಿಸಿರಿ.

ಉಜ್ವಲಾ


ಉಮರ್ಗಾ
26 ಡಿಸೆಂಬರ್ 2001

ಉಜ್ವಲಾ,

ಪತ್ರ ಮುಟ್ಟಿತು. ಶಿವಾನಿ ಆರಾಮ ಇದ್ದಾಳೆ. ಸ್ವೆಟರ್ ಸಾಲುತ್ತದೆ. ವಿಭೂತಿ ಇನ್ನು ಕಳಿಸುವುದಿಲ್ಲ. ಅನುಮಾನ ಬಂದ ಮೇಲೆ ಹಚ್ಚಿಕೊಳ್ಳಬಾರದು.

ರಂಭಾಬಾಯಿ ಕಲ್ಯಾಣಪ್ಪ


ಗೋವೆ
3 ಜನವರಿ 2002

ಅತ್ತೆಯವರಿಗೆ ಶರಣು.

ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೀರಿ. ಬ್ಯಾಂಕಿಗೆ ಬರೆದ ಹಾಗೆ. ಏನೋ ತಪ್ಪಾಗಿದೆ ಎಂದು ಅಷ್ಟರಿಂದಲೇ ತಿಳಿಯಿತು, ಏನೆಂದು ತಿಳಿಯಲಿಲ್ಲ. ಭಾನುವಾರ ನಿಮ್ಮ ಮಗ ಫೋನ್ ಮಾಡಿದಾಗ ನಾನು ಬರೆದ ಸಾಲನ್ನು ಹೇಳಿದೆ. ಅವರು ಬಹಳ ಹೊತ್ತು ನಕ್ಕರು. "ಮರಾಠ್ಯಾಗ ಅನುಮಾನ ಅಂದ್ರ ಅದೂ ಇದೂ ಕೂಡಿಸಿ ನೋಡಿ ತಿಳಕೊಳ್ಳೋದು. ನಮ್ಮವ್ವಗ ಅನುಮಾನ ಅಂದ್ರ ಸಂಶೆ. ನೀ ಆಕಿ ವಿಭೂತಿಗಿ ಕಳ್ಳಿ ಅಂದಂಗಾತು ನೋಡು" ಎಂದರು. ಆಮೇಲೆ ಗಂಭೀರವಾಗಿ, "ಲಗೂನ ಬರಿ. ಒಂದ ತಿಂಗಳಿಂದ ಆಕಿ ಮಾತೇ ಕಡಿಮಿ ಮಾಡ್ಯಾಳ" ಎಂದರು.

ಎಂಟು ವರ್ಷ ಶಾಲೆಯಲ್ಲಿ ಅನುಮಾನ ಎಂಬ ಪದವನ್ನು ಗಣಿತದ ಪುಸ್ತಕದಲ್ಲಿ ಓದಿದವಳು ನಾನು. ನನಗೆ ಅದು ಒಳ್ಳೆಯ ಪದ. ಕ್ಷಮಿಸಿರಿ.

ಹೇಳಬೇಕಾದದ್ದು ಇದು. ಬೆಳಗ್ಗೆ ವಿಭೂತಿ ಹಚ್ಚಿಕೊಂಡ ಬೆರಳಿನಿಂದಲೇ ನಾನು ಕುಂಚದ ತುದಿ ಹೊಸೆದು ಚೂಪು ಮಾಡುತ್ತಿದ್ದೆ. ಆ ಪುಡಿ ಕುಂಚದಿಂದ ಚಿಪ್ಪಿನ ಕೋಣೆಯೊಳಗೆ ಹೋಗಿದೆ. ತೊಳೆದರೂ ಹೋಗುವುದಿಲ್ಲ. ಇದು ನನ್ನ ತರ್ಕ. ಮೇಡಂ ಒಪ್ಪುವುದಿಲ್ಲ. "ನಿನಗೆ ಬೇಡವಾದ ಅಂಕಿಯನ್ನು ಹಾಗೇ ಬಿಟ್ಟುಬಿಡಲು ಆಗುವುದಿಲ್ಲ. ಕಾರಣ ತೋರಿಸು, ಇಲ್ಲವೆ ಅಂಕಿ ಇಡು" ಎಂದರು. ಅವರು ಹೇಳಿದ್ದು ಸರಿ. ಕೊಳವೆಯಲ್ಲಿ ಕೆಸರು ಉಳಿದಿಲ್ಲ, ಮತ್ತೆ ಆರಿಸಲು ಬರುವಂತಿಲ್ಲ. ವಿಭೂತಿಯನ್ನೇ ಯಂತ್ರದಲ್ಲಿ ಇಟ್ಟು ನೋಡಿ, ಅದೂ ನನ್ನ ಚಿಪ್ಪುಗಳ ಕೊಳೆಯೂ ಒಂದೇ ಎಂದು ತೋರಿಸಬೇಕು.

ಇನ್ನೊಂದು ಮಾತನ್ನು ಮುಚ್ಚಿಟ್ಟಿದ್ದೆ. ನವೆಂಬರಿನಲ್ಲಿ ಇದು ಹೊಳೆದ ದಿನವೇ ಹಚ್ಚಿಕೊಳ್ಳುವುದನ್ನು ನಿಲ್ಲಿಸಿದೆ. ಮನೆಯ ವಿಭೂತಿಯನ್ನು ಕಸದಲ್ಲಿ ಹಾಕಬಾರದೆಂದು ಉಳಿದ ಉಂಡೆಯನ್ನು ಸಮುದ್ರಕ್ಕೆ ಬಿಟ್ಟೆ. ನೀವು ಕೇಳಿದ ಒಂದೇ ಮಾತನ್ನು ನಡೆಸಲಿಲ್ಲ, ಪರೀಕ್ಷೆಗೂ ಏನೂ ಉಳಿಸಲಿಲ್ಲ. ದಯವಿಟ್ಟು ಅದೇ ತರದ ಒಂದು ತುಂಡು ಕಳಿಸಿಕೊಡಿ.

ಉಜ್ವಲಾ


ಉಮರ್ಗಾ
15 ಜನವರಿ 2002

ಉಜ್ವಲಾ,

ಗುರುಲಿಂಗ ಶಬ್ದದ ಅರ್ಥ ಬಿಡಿಸಿ ಹೇಳಿದ. ನನಗೂ ನಗು ಬಂತು, ಸ್ವಲ್ಪ ತಡವಾಗಿ.

ಸಮುದ್ರಕ್ಕೆ ಬಿಟ್ಟದ್ದು ತಪ್ಪಲ್ಲ. ಕೆಲಸಕ್ಕೆ ಅಡ್ಡಿಯಾಗುವುದಿದ್ದರೆ ಹಚ್ಚಿಕೊಳ್ಳಬೇಡ, ಸಂಜೆ ಮುಖ ತೊಳೆದ ಮೇಲೆ ಹಚ್ಚಿಕೋ. ಒಂದು ಉಂಡೆ ಕಳಿಸಿದ್ದೇನೆ. ನಮ್ಮ ಆಕಳ ಕುಳ್ಳು, ಹೊಸ ಬೂದಿ, ಬಟ್ಟೆಯಲ್ಲಿ ಮೂರು ಸಲ ಸೋಸಿದ್ದು. ಯಾರ ಎದುರಿಗೂ ಇಡಬಹುದು.

ಶಿವಾನಿಗೆ ನೆಗಡಿ ಇತ್ತು. ಈಗಿಲ್ಲ.

ನಿನ್ನ ಅತ್ತೆ


ಗೋವೆ
9 ಫೆಬ್ರವರಿ 2002

ಅತ್ತೆಯವರಿಗೆ ಶರಣು.

ನೀವು ಕಳಿಸಿದ ಉಂಡೆ ಅಪ್ಪಟ ಬೂದಿ. ಅದರಲ್ಲಿ ವೆನೇಡಿಯಂ ಇಲ್ಲವೆನ್ನುವಷ್ಟು ಕಡಿಮೆ. ನನ್ನ ಚಿಪ್ಪುಗಳ ಕೊಳೆಗೂ ಅದಕ್ಕೂ ಹೊಂದಲಿಲ್ಲ. "ನಿನ್ನ ವಿಭೂತಿ ನಿರಪರಾಧಿ" ಎಂದರು ಮೇಡಂ.

ನನ್ನ ಚಿಪ್ಪುಗಳಲ್ಲಿ ವೆನೇಡಿಯಂ ಜೊತೆ ಅಲ್ಯೂಮಿನಿಯಂ, ಕಬ್ಬಿಣ ಕೂಡ ಏರಿವೆ. ಅದು ಎಣ್ಣೆಯ ಗುರುತಲ್ಲ, ಬೂದಿಯದೂ ಅಲ್ಲ. ಮಣ್ಣಿನ ಗುರುತು, ನಮ್ಮ ಕಡೆಯ ಕರಿಮಣ್ಣಿನಂಥದು. ಇಲ್ಲಿನ ಕೆಂಪುಮಣ್ಣು ಹಾಗಿರುವುದಿಲ್ಲ. ನಮ್ಮ ಮಣ್ಣು ಇಲ್ಲಿಗೆ ಹೇಗೆ ಬಂತು ಎಂದು ಹಾಸಿಗೆ, ಚಪ್ಪಲಿ, ಉದಗೀರದಿಂದ ತಂದ ಟ್ರಂಕಿನ ಧೂಳು ಎಲ್ಲ ನೋಡಿದೆ. ಸಿಗಲಿಲ್ಲ. ಮಾರ್ಚ್ ಮೊದಲ ವಾರದೊಳಗೆ ಸಿಗದಿದ್ದರೆ ನನ್ನ ಅಂಕಿಗಳೂ ವರದಿಗೆ ಹೋಗುತ್ತವೆ. ಆಗ ಆ ಕೊಲ್ಲಿ ಮೊದಲೇ ಹೊಲಸಾಗಿತ್ತು ಎಂದು ನನ್ನ ಕೈಯಿಂದಲೇ ಬರೆದಂತಾಗುತ್ತದೆ.

ನಿನ್ನೆ ಆ ದಂಡೆಗೆ ಹೋಗಿದ್ದೆ. ಒಬ್ಬ ಮುದುಕಿ ಖಾಲಿ ಬುಟ್ಟಿ ಮಗ್ಗುಲಿಗಿಟ್ಟುಕೊಂಡು ಸುಮ್ಮನೆ ನೀರು ನೋಡುತ್ತ ಕೂತಿದ್ದಳು. ಅವಳಿಗೆ ನನ್ನ ಕೆಲಸ ಏನೆಂದು ಹೇಳಲು ಧೈರ್ಯ ಬರಲಿಲ್ಲ.

ನಿಮ್ಮ ವಿಭೂತಿಯ ಮೇಲೆ ಹೊರಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅಷ್ಟು ಮುತುವರ್ಜಿಯಿಂದ ಮಾಡಿ ಕಳಿಸಿದ್ದಕ್ಕೆ ನಾನು ಋಣಿ.

ಉಜ್ವಲಾ


ಉಮರ್ಗಾ
16 ಫೆಬ್ರವರಿ 2002

ಉಜ್ವಲಾ,

ನನಗೆ ಋಣಿ ಎನ್ನಬೇಡ. ಜನವರಿಯಲ್ಲಿ ಕಳಿಸಿದ ಉಂಡೆ ನೀನು ಹಚ್ಚಿಕೊಳ್ಳುತ್ತಿದ್ದ ತರದ್ದಲ್ಲ. ಯಂತ್ರಕ್ಕೆ ಇಡುತ್ತಾರೆಂದು ಬೇರೆಯೇ ಮಾಡಿದೆ. ಮೊದಲು ಕಳಿಸಿದ ಎರಡರಲ್ಲೂ ಮಣ್ಣು ಇತ್ತು.

ಅನುಮಾನ ಎಂದು ನೀನು ಬರೆದಾಗ ನನಗೆ ಯಾಕೆ ಅಷ್ಟು ನಾಟಿತು ಎಂದರೆ ಇದಕ್ಕೇ. ನಿನಗೆ ಗೊತ್ತಾಯಿತು ಎಂದುಕೊಂಡೆ.

ಹಳೆಯ ಊರಿನಲ್ಲಿ ನಮ್ಮದು ಕಲ್ಲುಮಣ್ಣಿನ ಮನೆ. ಭೂಕಂಪಕ್ಕೆ ಅದು ಬಿದ್ದಾಗ, ನೀನು ಕಾಣದ ನಿನ್ನ ನಾದಿನಿ ಕುಸುಮಾ ಪಡಸಾಲೆಯಲ್ಲಿ ಮಲಗಿದ್ದಳು. ನಾನು ಒಳಗಿನ ಕೋಣೆಯಲ್ಲಿದ್ದೆ. ನನ್ನನ್ನು ತೆಗೆದು ಸೋಲಾಪುರದ ದವಾಖಾನೆಗೆ ಒಯ್ದರು. ಆಕೆಗೆ ಮಣ್ಣು ಕೊಟ್ಟಾಗ ನಾನು ಅಲ್ಲಿ ಇರಲಿಲ್ಲ. ಒಂದು ಮುಷ್ಟಿ ಮಣ್ಣು ಹಾಕಲು ಹೆತ್ತವಳಿಗೆ ಸಿಗಲಿಲ್ಲ. ಮರಳಿ ಬಂದಾಗ ನಿನ್ನ ಮಾವನವರು ಇನ್ನೂ ಇದ್ದರು, ಅವರ ಎದುರಿಗೆ ಅಳಲೂ ಆಗಲಿಲ್ಲ. ಕಲ್ಲು ಎತ್ತಿದ ಮೇಲೆ ಪಡಸಾಲೆಯ ನೆಲದ ಮಣ್ಣನ್ನು ಅರ್ಧ ಚೀಲ ತುಂಬಿ ತಂದು ಜೋಳದ ಚೀಲಗಳ ಹಿಂದೆ ಇಟ್ಟೆ. ಅಂದಿನಿಂದ ಪ್ರತಿಸಲ ಉಂಡೆ ಕಟ್ಟುವಾಗ ಬೂದಿಗೆ ಅದರಲ್ಲಿ ಒಂದು ಹಿಡಿ ಸೋಸಿ ಸೇರಿಸುತ್ತೇನೆ. ಮನೆಯವರ ಹಣೆಯ ಮೇಲೆ ಆಕೆಯೂ ದಿನಾ ಇರಲಿ ಎಂದು. ಗುರುಲಿಂಗನಿಗೂ ಗೊತ್ತಿಲ್ಲ. ಹೇಳಿದರೆ ಮಠದವರು ಸತ್ತವರ ಮಣ್ಣು ವಿಭೂತಿಗೆ ಬೆರೆಸುತ್ತಾರೇನು ಎಂದಾರು. ಲಲಿತಾಬಾಯಿಗೆ ತಿಳಿದರೆ ಯೆಣೆಗೂರಿನ ಧಾಬಾದವರೆಗೆ ತಿಳಿಯುತ್ತದೆ.

ನೀನು ದೂರ ಹೋಗುವವಳೆಂದು ನಿನ್ನ ಉಂಡೆಗೆ ಎರಡು ಹಿಡಿ ಹಾಕಿದ್ದೆ.

ಈ ಪೊಟ್ಟಣದಲ್ಲಿ ಆ ಮಣ್ಣು ಇದೆ. ಮನೆಯಲ್ಲಿ ಉಳಿದಿದ್ದ ಹಳೆಯ ಉಂಡೆಯ ತುಂಡೂ ಇದೆ. ನೋಡು. ಆ ಮುದುಕಿಯ ಬುಟ್ಟಿ ನನ್ನಿಂದ ಖಾಲಿ ಉಳಿಯಬಾರದು.

ನಿನ್ನ ಅತ್ತೆ


ಗೋವೆ
20 ಮಾರ್ಚ್ 2002

ಅತ್ತೆಯವರಿಗೆ ಶರಣು.

ಹೊಂದಿತು. ವೆನೇಡಿಯಂ, ಅಲ್ಯೂಮಿನಿಯಂ, ಕಬ್ಬಿಣ, ಒಂದಕ್ಕೊಂದರ ಪ್ರಮಾಣ ಎಲ್ಲವೂ ನಿಮ್ಮ ಮಣ್ಣಿನದೇ. ಮೇಡಂ ಎರಡು ಹಾಳೆಗಳನ್ನು ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟು ನೋಡಿದರು, ಆಮೇಲೆ ನನಗೆ ಚಹಾ ತರಿಸಿದರು. ಅವರು ಯಾರಿಗೂ ತರಿಸುವವರಲ್ಲ. ನನ್ನ ಅಂಕಿಗಳನ್ನು ಕಾರಣ ಬರೆದು ತೆಗೆದಿಟ್ಟರು. ಮಡಗಾಂವದ ಹುಡುಗಿ ಆರಿಸಿದ ಚಿಪ್ಪುಗಳು ಉಳಿದವು. ಎಣ್ಣೆಗೆ ಮೊದಲಿನ ಸಮುದ್ರ ಎಷ್ಟು ಸ್ವಚ್ಛವಿತ್ತು ಎಂದು ಅವು ಹೇಳಿದವು.

ಚೌಕಶಿಯಲ್ಲಿ ವಕೀಲರು ಬೇರೆ ಏನನ್ನೂ ಕೇಳಲಿಲ್ಲ, ತೆಗೆದಿಟ್ಟ ಅಂಕಿಗಳನ್ನೇ ಕೇಳಿದರು. ಮೇಡಂ ನನ್ನನ್ನು ನಿಲ್ಲಿಸಿದರು. ನಾನು ಕುಂಚ ಹೊಸೆಯುವುದನ್ನು ಮಾಡಿ ತೋರಿಸಿದೆ. ಬೆರಳಲ್ಲಿದ್ದದ್ದು ನಮ್ಮ ಮನೆಯ ಮಣ್ಣು ಎಂದೆ. ಯಾವ ಮನೆ, ಯಾಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಳವನ್ನು ಹಡಗಿನವರೇ ಶುಚಿಮಾಡಿಸಬೇಕೆಂದು ಆದೇಶವಾಗಿದೆ. ಈ ಮಳೆಗಾಲ ಕಳೆದ ಮೇಲೆ ಕೆಲಸ ಶುರುವಾಗುತ್ತದೆ.

ಯಂತ್ರಕ್ಕೆ ಒಂದು ಚಿಟಿಕೆ ಸಾಕಾಯಿತು. ಉಳಿದ ಮಣ್ಣು ನನ್ನ ಹತ್ತಿರ ಇದೆ. ಸಮುದ್ರಕ್ಕೆ ಬಿಟ್ಟ ಉಂಡೆಯಲ್ಲಿ ಏನಿತ್ತು ಎಂದು ತಿಳಿದಿದ್ದರೆ ಬಿಡುತ್ತಿರಲಿಲ್ಲ. ನೀವು ಅದನ್ನು ನನಗೆ ಬರೆದು ತಿಳಿಸಿದಿರಿ. ಬರೆಯದೆಯೂ ಇರಬಹುದಿತ್ತು. ಇದಕ್ಕೆ ಏನೆನ್ನಬೇಕೆಂದು ನನ್ನ ಎರಡೂ ಭಾಷೆಗಳಲ್ಲಿ ಹುಡುಕಿದೆ.

ಒಂದು ಕೇಳಲೇ? ನಮ್ಮ ಮನೆಯಲ್ಲಿ ಕುಸುಮಾ ಎಂದರೆ ಭೂಕಂಪದ ಆ ಒಂದು ಬೆಳಗಿನ ಜಾವ ಮಾತ್ರ. ಗೋಡೆಯ ಮೇಲೆ ಫೋಟೋ, ಸೆಪ್ಟೆಂಬರಿನ ಕೊನೆಗೆ ಮಾಲೆ. ಅದಕ್ಕೆ ಮೊದಲು ಹೇಗಿದ್ದಳು ಎಂದು ಯಾರೂ ಹೇಳಿಲ್ಲ. ಆರು ವರ್ಷದಿಂದ ಆ ಮನೆಯ ಸೊಸೆ, ನಾನೂ ಕೇಳಿಲ್ಲ. ಹಬ್ಬ, ಪರೀಕ್ಷೆ, ದೊಡ್ಡ ದಿನಗಳು ಬೇಡ. ಏನೂ ಆಗದ ಒಂದು ದಿನದ ಬಗ್ಗೆ ಬರೆಯಿರಿ.

ನಿಮ್ಮ ಸೊಸೆ,
ಉಜ್ವಲಾ


ಉಮರ್ಗಾ
2 ಏಪ್ರಿಲ್ 2002

ಉಜ್ವಲಾ,

ನಿನ್ನ ಪತ್ರವನ್ನು ಗುರುಲಿಂಗನಿಗೂ ಓದಲು ಕೊಟ್ಟೆ, ನನ್ನ ಹಿಂದಿನ ಪತ್ರದಲ್ಲಿ ಏನಿತ್ತೆಂದೂ ಹೇಳಿದೆ. ಅವನು ಎದ್ದು ಹೋಗಿ ಜೋಳದ ಚೀಲ ಸರಿಸಿ ಆ ಮಣ್ಣನ್ನು ಮುಟ್ಟಿ ಬಂದ. "ನನಗರ ಹೇಳಬೇಕಿಲ್ಲೇನಬೇ" ಎಂದ. ಅಷ್ಟೇ. ಆಮೇಲೆ ತಾಯಿ ಮಗ ಇಬ್ಬರೂ ಕೂತು ಆಕೆಯ ಮಾತು ತೆಗೆದೆವು. ಎಂಟು ವರ್ಷದ ಮೇಲೆ ಇದೇ ಮೊದಲು. ನೀನು ಕೇಳದಿದ್ದರೆ ಇದು ಆಗುತ್ತಿರಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ.

ಏನೂ ಆಗದ ದಿನ ಎಂದು ಕೇಳಿದ್ದೀ. ಎಷ್ಟೋ ದಿನ ಇದ್ದವು, ಒಂದನ್ನೂ ಎಣಿಸಿರಲಿಲ್ಲ.

ಕುಸುಮಾ ರೊಟ್ಟಿಯ ಸುಟ್ಟ ಕಲೆಯನ್ನು ಮೊದಲು ಚಿವುಟಿ ತಿನ್ನುತ್ತಿದ್ದಳು. ಹೊಸ್ತಿಲ ಮೇಲೆ ಕೂತು ತಲೆ ಬಾಚಬೇಡ ಎಂದರೆ, ಎದ್ದು ಒಂದು ಗೇಣು ಸರಿದು ಮತ್ತೆ ಕೂಡುತ್ತಿದ್ದಳು. ಮಜ್ಜಿಗೆ ಕಡೆದೆ ಎಂದು ಸುಳ್ಳು ಹೇಳುತ್ತಿದ್ದಳು, ಕಡೆಗೋಲು ಒಣಗಿರುತ್ತಿತ್ತು. ಕಾಲೇಜಿಗೆ ಉಮರ್ಗಾಕ್ಕೆ ಬರುವಾಗ ಕಂಡಕ್ಟರನ ಜೊತೆ ಮರಾಠಿಯಲ್ಲಿ ಜಗಳ, ಡ್ರೈವರನ ಜೊತೆ ಕನ್ನಡದಲ್ಲಿ ಸ್ನೇಹ. ಗುರುಲಿಂಗನ ಅಂಗಿ ತೊಟ್ಟು ಹೊಲಕ್ಕೆ ಹೋಗುತ್ತಿದ್ದಳು, ಅವನು ಕೇಳಿದರೆ "ನಿನಗ ಉದ್ದ ಆಗ್ತದ, ನನಗ ಸರಿ ಆಗ್ತದ" ಎನ್ನುತ್ತಿದ್ದಳು. ಅವನಿಗೇ ಅದು ಗಿಡ್ಡವಾಗುತ್ತಿತ್ತು.

ಒಂದು ದಿನ, ಯಾವ ದಿನವೋ ನೆನಪಿಲ್ಲ, ನಾನು ಒಲೆಯ ಮುಂದೆ ಇದ್ದೆ. ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತ ಕೇಳಿದಳು.

"ಅವ್ವಾ, ಇವತ್ತ ಅಡಗಿ ಏನ?"

"ದಿನಾದ್ದೇ."

"ಹಂಗಾದ್ರ ಛಲೋ ಆತು," ಎಂದು ತಾಟು ತೊಳೆದುಕೊಂಡು ನನ್ನ ಮಗ್ಗುಲಿಗೆ ಬಂದು ಕೂತಳು.

ನಿನ್ನ ಅತ್ತೆ